ಕೆರೆ ಏರಿಯ ಹುಳ

ಒಂದು ರೆಕ್ಕೆ ಇನ್ನೂ ಅಲುಗುತ್ತಿತ್ತು, ಬಾನೆಟ್ಟಿನ ಬಿಳಿ ಬಣ್ಣದ ಮೇಲೆ, ಗಾಳಿ ಬಂದಾಗಲೆಲ್ಲ ಎದ್ದು ಮತ್ತೆ ಮಲಗುವ ಒಂದೇ ಒಂದು ರೆಕ್ಕೆ, ಮೈ ಯಾವಾಗಲೋ ಒಣಗಿ ಅಂಟಿಹೋಗಿತ್ತು — ಮಳೆಗಾಲ ಹಿಂದೆ ಸರಿದು ಬಿಸಿಲು ಹದವಾದ ಬೆಳಿಗ್ಗೆ, ಅಕ್ಕನ ಮನೆಯ ಹಿತ್ತಲಲ್ಲಿ ಎರಡು ಬಕೆಟ್, ಒಂದರಲ್ಲಿ ಸೋಪಿನ ನೀರು, ಒಂದರಲ್ಲಿ ಬರೀ ನೀರು, ಒಣಗಿದ ಹುಳವನ್ನು ಉಜ್ಜಬಾರದು, ನೆನೆಸಬೇಕು, ಇಪ್ಪತ್ತು ವರ್ಷ ಊರವರ ಕಾರು ತೊಳೆದ ಕೈಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಒದ್ದೆ ಬಟ್ಟೆ ಹಾಸಿ ಕಾದ, ಜ್ವರದ ಹಣೆಗೆ ಅಮ್ಮ ಹಾಕುತ್ತಿದ್ದ ಹಾಗೆ, ಹಾಗೆಂದುಕೊಂಡರೂ ಏನೂ ಅನಿಸಲಿಲ್ಲ, ಅಮ್ಮ ಹೋಗಿ ಇವತ್ತಿಗೆ ಮೂರು ದಿನ, ಊಟ ಮಾಡಿದ್ದಾನೆ, ನಿದ್ದೆ ಮಾಡಿದ್ದಾನೆ, ಬಂದವರ ಮಾತಿಗೆ ತಲೆಯಾಡಿಸಿದ್ದಾನೆ, ಹುಳದ ರಸ ಮೂರು ದಿನಕ್ಕೆ ಬಣ್ಣ ತಿನ್ನಲು ಶುರುಮಾಡುತ್ತದೆ ಎಂಬುದೊಂದೇ ತಲೆಯಲ್ಲಿ ಸರಿಯಾಗಿ ನಿಂತಿದೆ.

ಕಾರು ಭಾವನದು, ತೊಳೆದಿಡು ಎಂದು ಅವನ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದರು, ಅದರಲ್ಲೇ ಓಡಿಬಂದ, ಓಡಿ ಎಲ್ಲಿ ಬಂದ, ಅಕ್ಕನ ಫೋನು ಬಂದದ್ದು ಮೂರು ಗಂಟೆಗೆ, ಅಮ್ಮ ನಿನ್ನನ್ನೇ ಕೇಳ್ತಿದಾಳೆ ಕಣೋ, ಇರೋ ಹಾಗೇ ಹೊರಡು, ಆಗ ಕಂಟ್ರಾಕ್ಟರನ ಕಪ್ಪು ಕಾರಿಗೆ ಪಾಲಿಷ್ ಬಳಿದಾಗಿತ್ತು, ಒರೆಸದೆ ಬಿಟ್ಟರೆ ಕಚ್ಚಿಕೊಳ್ಳುತ್ತದೆ, ಇದೊಂದು ಮುಗಿಸಿಬಿಡೋಣ, ಹಿಂದೆ ಎರಡು ಸಲ ಹೀಗೇ ಆಗಿ ಮಾರನೆಯ ದಿನ ಎದ್ದು ಕೂತು ಕಾಫಿ ಕೇಳಿದವಳಲ್ಲವೇ ಅಮ್ಮ, ಒಂದು ಬಾಗಿಲು ಒರೆಸಿದ, ಇನ್ನೊಂದು, ಮುಖ ಕಾಣುವಷ್ಟು ಹೊಳಪು, ಹೊರಟಾಗ ಐದು — ಹುಟ್ಟೋಕೇ ಹತ್ತು ದಿನ ಕಾಯಿಸಿದ ನಿಧಾನಿ ಇವನು, ಮದುವೇಲಿ ಹೆಣ್ಣೇ ಬಂದು ಎಬ್ಬಿಸಬೇಕು ನೋಡ್ತಿರಿ, ಎಂದು ಬಂದವರೆದುರೆಲ್ಲ ಅಮ್ಮ ನಗುತ್ತಿದ್ದಳು — ಆರೂವರೆಗೆ ಕೆರೆ ಏರಿ, ಹೊತ್ತು ಮುಳುಗುವಾಗಿನ ಅರ್ಧ ಗಂಟೆ ಮಾತ್ರ ಏಳುವ ಹುಳ, ಏರಿ ದಾಟಿದರೆ ಒಂದೂ ಸಿಗುವುದಿಲ್ಲ, ಮರಳು ಎರಚಿದ ಹಾಗೆ ಗಾಜಿಗೆ ಬಡಿದವು, ವೈಪರ್ ಹಾಕಬಾರದೆಂದು ಗೊತ್ತು, ಹಾಕಿದ, ಗಾಜೆಲ್ಲ ಹಸಿರು ಲೋಳೆ, ಇಳಿದು ಬಾಟಲಿ ನೀರಲ್ಲಿ ಗಾಜಷ್ಟನ್ನೇ ತೊಳೆದ, ಬಾನೆಟ್ಟಿನ ಮೇಲೆ ಆಗಲೂ ಒಂದು ರೆಕ್ಕೆ ಅಲುಗುತ್ತಿತ್ತು, ಆರೂವರೆಗೆ ಹೋದಳು ಕಣೋ, ಎಂದಳು ಬಾಗಿಲಲ್ಲಿ ನಿಂತ ಅಕ್ಕ, ಎಲ್ಲಿದ್ದೆ ಇಷ್ಟು ಹೊತ್ತು, ಬಾಯಿ ತಾನಾಗಿಯೇ ಹೇಳಿತು, ಫೋನ್ ಬಂದ ತಕ್ಷಣ ಹೊರಟೆನಕ್ಕ, ಕೆರೆ ದಾರಿ ಮುಚ್ಚಿತ್ತು, ಹೆದ್ದಾರಿ ಸುತ್ತಿ ಬಂದೆ, ಹೇಳಿ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

ಬಟ್ಟೆ ಎತ್ತಿದ, ಮೆತ್ತಗಾಗಿದ್ದವು, ಮೇಲಿಂದ ಕೆಳಕ್ಕೆ ಒಂದೇ ಕಡೆಗೆ ಒರೆಸಿದ, ಕಾಲು, ಮೀಸೆ, ಸಾಸಿವೆಯಷ್ಟು ತಲೆ, ಬಕೆಟ್ಟಿನಲ್ಲಿ ತೇಲಿದವು, ಅರ್ಧ ಮುಗಿಯಿತು, ಇನ್ನರ್ಧ ಮುಗಿದರೆ ಯಾರಿಗೂ ಏನೂ — ಇವತ್ತೇ ತೊಳೀಬೇಕಿತ್ತಾ ಇದನ್ನ, ನಿಮ್ಮ ಭಾವ ಏನು ಕಾರು ಕೇಳಿದ್ರಾ, ಬೆನ್ನ ಹಿಂದೆ ಅಕ್ಕ, ಕೈಯಲ್ಲಿ ಟೀ ಲೋಟ, ಇಲ್ಲಕ್ಕ, ಬಣ್ಣ ಹಾಳಾಗುತ್ತೆ, ಅವಳು ಬಗ್ಗಿದಳು, ತೊಳೆಯದ ಅರ್ಧದಿಂದ ಒಂದನ್ನು ಉಗುರಲ್ಲಿ ಎಬ್ಬಿಸಿ ಅಂಗೈ ಮೇಲಿಟ್ಟುಕೊಂಡಳು, ಹಸಿರು ಹೊಟ್ಟೆ, ಅದೇ ಕೆರೆ ಏರಿಯ ಮೇಲೆ ಇಬ್ಬರೂ ಶಾಲೆ ಬಿಟ್ಟು ಆಡಿಕೊಂಡು ಹೊತ್ತು ಮುಳುಗುವಾಗ ಬರುತ್ತಿದ್ದರು, ಬಾಯಿ ಮುಚ್ಕೊಂಡು ನಡೀರೋ, ಹುಳ ಒಳಗೆ ಹೋಗುತ್ತೆ, ಎನ್ನುತ್ತಿದ್ದಳು ಅಮ್ಮ, ಅಕ್ಕ ತುಂಬ ಹೊತ್ತು ನೋಡಿದಳು, ಅವನು ಅವಳ ಅಂಗೈಯನ್ನೇ ನೋಡಿದ, ಎದೆ ಹೊಡೆದುಕೊಳ್ಳಬೇಕಿತ್ತು, ಹೊಡೆದುಕೊಳ್ಳಲಿಲ್ಲ, ಅವಳು ಕೈ ಸೆರಗಿಗೆ ಒರೆಸಿಕೊಂಡು ಟೀಯನ್ನು ಕಟ್ಟೆಯ ಮೇಲಿಟ್ಟಳು, ಆರುತ್ತೆ, ಕುಡಿ, ಎರಡು ಹೆಜ್ಜೆ ಹೋಗಿ ತಿರುಗದೆಯೇ ಹೇಳಿದಳು, ಭಾವ ಕೇಳಿದ್ರೆ ಹೆದ್ದಾರಿ ಹುಳ ಅನ್ನು.

ಅಕ್ಕಾ ಎಂದ. ನಿಂತಳು. ಏನೋ. ಪಾಲಿಷ್, ಕಪ್ಪು ಕಾರು, ಐದು ಗಂಟೆ, ಎಲ್ಲ ನಾಲಿಗೆಯ ತನಕ ಬಂದು ಕೂತಿದ್ದವು, ಬಾಯಿ ಮುಚ್ಚಿಯೇ ಇತ್ತು, ಏನಿಲ್ಲ ಎಂದ, ಅವಳು ಇನ್ನೂ ಸ್ವಲ್ಪ ಹೊತ್ತು ಕಾದು ಒಳಗೆ ಹೋದಳು, ಇನ್ನು ಇವಳಿಗೆ ಇದನ್ನು ಹೇಳುವುದು ಬಾಕಿಯೇ ಉಳಿಯುತ್ತದೆ, ಅವನು ಉಳಿದರ್ಧ ಒರೆಸಿದ, ಆ ರೆಕ್ಕೆಯೂ ಬಂತು, ಬಕೆಟ್ಟಿಗೆ ಬಿತ್ತು, ಬಾನೆಟ್ಟು ಒದ್ದೆಯಾಗಿ ಹೊಳೆಯಿತು, ಬಿಸಿಲಿಗೆ ನೀರು ಆರತೊಡಗಿತು, ಆರಿದ ಜಾಗದಲ್ಲಿ ಬಣ್ಣ ಮಂಕಾಗಿ ಒಂದು ರೆಕ್ಕೆಯ ಗುರುತು, ಮತ್ತೆ ಒದ್ದೆ ಮಾಡಿದ, ಕಾಣಲಿಲ್ಲ, ಕಾದ, ಆರಿತು, ರೆಕ್ಕೆ, ಒದ್ದೆ ಮಾಡಿದ, ಕಾದ, ಆರಿತು, ರೆಕ್ಕೆ —