ತೊಗಟೆಯ ಕೆಳಗಿನ ಸದ್ದು

ಬಿರುಗಾಳಿ ಬಂದು ಹೋಗಿ ತಿಂಗಳುಗಳು ಕಳೆದರೂ ಊರಿನ ಮರಗಳು ಬಿದ್ದಲ್ಲೇ ಬಿದ್ದಿದ್ದವು. ರಸ್ತೆಗೆ ಅಡ್ಡವಾದವನ್ನು ಮಾತ್ರ ಸರಿಸಿ ಜನ ಕೈತೊಳೆದುಕೊಂಡಿದ್ದರು. ಉಳಿದವನ್ನು ಏನು ಮಾಡುವುದು? ಬಿಸಿಲಲ್ಲಿ ಒಣಗಲಿ ಬಿಡಿ ಎಂದರು ಕೆಲವರು. ಕೊಯ್ದು ಮುಚ್ಚಿಡಿ ಎಂದರು ಇನ್ನು ಕೆಲವರು. ಬಡಗಿಯ ಮನೆಯವರು ಮುಚ್ಚಿಟ್ಟರು.

ಆ ಮನೆಯ ಹಿಂದೆ ಒಂದು ತೋಪಿತ್ತು. ಹಿರಿಯ ಬಡಗಿ ತನ್ನ ಕೈಯಾರೆ ನೆಟ್ಟು ಬೆಳೆಸಿದ್ದು. ಪ್ರತಿ ಮರದ ತೊಗಟೆಯ ಮೇಲೂ ಅವನು ಉಳಿಯಿಂದ ಮೂರು ಗೀರು ಎಳೆದಿದ್ದ. ತಾನು ಮಾಡಿದ ಮಂಚ, ಕುರ್ಚಿ, ಬಾಗಿಲುಗಳ ಮರೆಯಲ್ಲಿ ಹಾಕುತ್ತಿದ್ದ ಗುರುತೇ ಅದು. ಹೋದ ವರ್ಷ ಅವನು ತೀರಿಕೊಂಡ. ಈ ವರ್ಷ ಗಾಳಿ ಒಂದೇ ಏಟಿಗೆ ತೋಪನ್ನು ಮಲಗಿಸಿ, ಮನೆಯ ಅರ್ಧ ಸೂರನ್ನೂ ಎತ್ತಿಕೊಂಡು ಹೋಯಿತು. ಇನ್ನು ಹೊಸ ಸೂರಿಗೆ ತೊಲೆ ಆಗಬೇಕಾದರೆ ಆ ಮರಗಳಿಂದಲೇ ಆಗಬೇಕು. ಬೇರೆ ದಾರಿ ಇರಲಿಲ್ಲ. ಮುಂದಿನ ಮಳೆಯೊಳಗೆ ಸೂರು ಏಳದಿದ್ದರೆ ಉಳಿದ ಗೋಡೆಗಳೂ ಕರಗಿ ಕೂರುತ್ತವೆ ಎಂದು ಮನೆಯ ಸೊಸೆ ದಿನ ಎಣಿಸುತ್ತಿದ್ದಳು.

ಮೊದಲ ಮರ ಕೊಯ್ದ ದಿನವೇ ಒಂದು ಅಂಜಿಕೆಯ ಸಂಗತಿ ನಡೆಯಿತು. ಬೇರುಸಮೇತ ಉರುಳಿದ್ದ ಮರ ಅದು. ಬೇರಿನ ಜೊತೆ ಕಿತ್ತುಬಂದ ಮಣ್ಣು ಗೋಡೆಯಂತೆ ಆಳೆತ್ತರ ನಿಂತಿತ್ತು. ಸೊಸೆಯ ಗಂಡ ಕಾಂಡವನ್ನು ಗರಗಸದಿಂದ ತುಂಡು ಮಾಡಿದ್ದೇ ತಡ, ಬುಡ ನರಳಿತು. ಮೆಲ್ಲಗೆ ಅಲುಗಿತು. ನೋಡನೋಡುತ್ತಿದ್ದಂತೆ ಆ ತಲೆಯಿಲ್ಲದ ಬುಡ ಮೇಲೆದ್ದು, ತನ್ನ ಹಳ್ಳದಲ್ಲಿ ಧೊಪ್ಪನೆ ನೆಟ್ಟಗೆ ನಿಂತುಬಿಟ್ಟಿತು.

ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು. "ನೋಡಿದ್ಯೇನೋ? ನಿಮ್ಮಪ್ಪನಿಗೆ ಇಷ್ಟ ಇಲ್ಲ."

"ಬೇರಿನ ಮಣ್ಣಿನ ಭಾರ ಅಮ್ಮ, ಎಳ್ಕೊಳ್ತು ಅಷ್ಟೇ," ಎಂದ ಮಗ. ಆದರೆ ಅವನ ಮುಖ ಬಿಳುಚಿಕೊಂಡಿತ್ತು. ಒಂದು ಗಳಿಗೆ ಮೊದಲು ಅವನು ಅದೇ ಹಳ್ಳದಲ್ಲಿ ಕಾಲಿಟ್ಟು ನಿಂತಿದ್ದ.

ಅಂದಿನಿಂದ ಅತ್ತೆಯದೇ ಮಾತು ನಡೆಯಿತು. ಕೊಯ್ಯಿರಿ, ಆದರೆ ಅವರು ಗುರುತು ಹಾಕಿದ ತೊಗಟೆ ಮುಟ್ಟಬೇಡಿ. ತೋಪಿನಲ್ಲಿ ಅನಾಥವಾಗಿ ಬಿಡಬೇಡಿ, ಮನೆಗೆ ಒತ್ತಿಕೊಂಡಿರಲಿ. ಹಾಗೆ ದಿಮ್ಮಿಗಳು ಅವಳ ಕೋಣೆಯ ಹೊರಗೋಡೆಗೆ ತಗುಲಿಕೊಂಡು, ಒಂದರ ಮೇಲೊಂದು ನೆಲದಿಂದ ಕಿಟಕಿಯವರೆಗೆ ಏರಿದವು. ಗಾಳಿಗೆ ಮನೆ ಕಳೆದುಕೊಂಡವರಿಗೆಂದು ಹಂಚಿದ್ದ ಟಾರ್ಪಾಲು ಒಂದಿತ್ತು. ಅದನ್ನೂ ಅತ್ತೆ ದಿಮ್ಮಿಗಳ ಮೇಲೆ ಹೊದಿಸಿ, ನಾಲ್ಕು ಕಡೆ ಮಣ್ಣು ಒತ್ತಿ ಬಿಗಿಮಾಡಿಸಿದಳು.

"ಚೆನ್ನಾಗಿದೆ ಕಣ್ರೀ," ಎಂದಳು ಪಕ್ಕದ ಮನೆಯ ದರ್ಜಿಯಮ್ಮ, ಬೇಲಿಯಾಚೆಯಿಂದ. "ಮನುಷ್ಯರು ನೆನೀಲಿ, ಮರ ಬೆಚ್ಚಗೆ ಮಲಗ್ಲಿ!"

ಸೊಸೆಗೆ ನಗು ಬರಲಿಲ್ಲ.

ಒಂದು ಮುಸ್ಸಂಜೆ ಅವಳು ಅತ್ತೆಯ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಗೋಡೆಯೊಳಗಿಂದ ಸದ್ದು ಬಂತು. ಕಿರ್... ಕಿರ್... ಕಿರ್. ಯಾರೋ ಉಗುರಿನಿಂದ ಕೆರೆದ ಹಾಗೆ. ಆಮೇಲೆ ಮೌನ. ಮತ್ತೆ ಕಿರ್... ಕಿರ್... ಕಿರ್. ಇಲಿ ಇರಬೇಕೆಂದು ಅವಳು ಅಂಗೈಯಿಂದ ಗೋಡೆ ತಟ್ಟಿದಳು. ಸದ್ದು ನಿಂತಿತು. ಕೈ ತೆಗೆದಳು. ಕೊಂಚ ಹೊತ್ತು ಕಾದಂತೆ ಮಾಡಿ ಮತ್ತೆ ಶುರುವಾಯಿತು. ಮಡಚಿದ ಬಟ್ಟೆ ಅಲ್ಲೇ ಬಿಟ್ಟು ಹೊರಗೆ ಬಂದಳು.

ಮರುದಿನ ಅದೇ ಹೊತ್ತಿಗೆ ದೀಪ ಹಚ್ಚಲು ಹೋದವಳು ಬಾಗಿಲಲ್ಲೇ ನಿಂತಳು. ಅತ್ತೆ ತಲೆ ಬಾಚಿಕೊಂಡು, ಒಗೆದ ಸೀರೆಯುಟ್ಟು, ಗೋಡೆಗೆ ಕಿವಿ ಹಚ್ಚಿ ಕೂತಿದ್ದಳು.

"ಹೂಂ..." ಎನ್ನುತ್ತಿದ್ದಳು ಮೆಲುದನಿಯಲ್ಲಿ. "ಆಮೇಲೆ?... ಹಾಗಾ?... ಅಯ್ಯೋ, ಅದನ್ನ ಇನ್ನೂ ಮರೆತಿಲ್ವಾ ನೀವು?"

ಗೋಡೆ ಕೆರೆಯಿತು. ಅತ್ತೆ ನಕ್ಕಳು.

ಸೊಸೆ ಹಿಂದೆ ಸರಿದಳು. ವರ್ಷದಿಂದ ಬಾಡಿದ್ದ ಆ ಮುಖದಲ್ಲಿ ಕಳೆ ಬಂದಿತ್ತು. ಆ ದಿನ ಅತ್ತೆ ಎರಡನೇ ಸಲ ಅನ್ನ ಬಡಿಸಿಕೊಂಡಿದ್ದಳು. ಗೋಡೆಯ ಸದ್ದಿಗೆ ಹೆದರಬೇಕೋ, ಆ ನಗುವಿಗೆ ಹೆದರಬೇಕೋ ಸೊಸೆಗೆ ತಿಳಿಯಲಿಲ್ಲ. ಸದ್ದಿನ ಮೂಲ ಹುಡುಕಿ ನಿಲ್ಲಿಸಿಬಿಟ್ಟರೆ ಆ ನಗುವೂ ನಿಂತುಹೋಗುತ್ತದಲ್ಲ? ಈ ಹೆಂಗಸಿಗೆ ಎರಡನೇ ಸಲ ಗಂಡನನ್ನು ಕಳೆದುಕೊಳ್ಳುವ ನೋವು ಕೊಡಲು ತಾನು ಯಾರು? ಹಾಗೆಂದುಕೊಂಡು ಅವಳು ಯಾರಿಗೂ ಬಾಯಿಬಿಡಲಿಲ್ಲ.

ಆದರೆ ಹಿತ್ತಲಲ್ಲಿ ಏನೋ ಹುಳಿ ವಾಸನೆ ಹುಟ್ಟಿಕೊಂಡಿತು. ಒಂದು ಬೆಳಿಗ್ಗೆ ಅವಳು ಟಾರ್ಪಾಲಿನ ಅಂಚೆತ್ತಿದಳು. ಒಳಗಿಂದ ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ಬಡಿಯಿತು, ಮಲಗಿದ ಪ್ರಾಣಿಯೊಂದು ಉಸಿರುಬಿಟ್ಟ ಹಾಗೆ. ದಿಮ್ಮಿಗಳ ಕೊಯ್ದ ಮುಖಗಳು ನೀಲಿಗಟ್ಟಿದ್ದವು, ಪೆಟ್ಟು ತಿಂದ ಮೈಯಂತೆ. ಕೆಳಗೆ ನೆಲದ ಮೇಲೆ ಯಾರೋ ಹಿಟ್ಟು ಜರಡಿ ಹಿಡಿದಂತೆ ನುಣ್ಣನೆಯ ಪುಡಿ. ಅವಳು ನೋಡುತ್ತಿದ್ದಂತೆಯೇ ಇನ್ನೊಂದಿಷ್ಟು ಪುಡಿ ಉದುರಿತು. ಉದುರುತ್ತಿದ್ದುದು ತಮ್ಮ ಸೂರೇ.

ಅಂದೇ ನಾದಿನಿಗೆ ಫೋನು ಮಾಡಿದಳು.

ನಾದಿನಿ ಸಾಮಿಲ್ಲಿನ ದಿಮ್ಮಿ ಅಂಗಳದಲ್ಲಿ ಕೆಲಸ ಮಾಡುತ್ತಿದ್ದಳು. ಬಂದ ದಿಮ್ಮಿಗಳನ್ನು ನೋಡಿ, ಬಡಿದು, ಬೇರೆ ಬೇರೆ ಮಾಡಿ ಇಡಿಸುವುದು ಅವಳ ಕೆಲಸ. ಕಂಡ ಮರಕ್ಕೆಲ್ಲ ಬೆರಳ ಗೆಣ್ಣಿನಿಂದ ಟಕಟಕ ಎನ್ನಿಸುವ ಚಟ. ಅದಕ್ಕೇ ಮನೆಯಲ್ಲಿ ಅವಳನ್ನು ಮರಕುಟಿಗ ಎಂದೇ ಕರೆಯುತ್ತಿದ್ದರು. ರಜೆಯ ದಿನ ಬಂದವಳು ಚೀಲ ಇಳಿಸುವ ಮೊದಲೇ ಹಿತ್ತಲಿಗೆ ಹೋದಳು. ಟಾರ್ಪಾಲು ಸರಿಸಿ ಒಂದೊಂದೇ ದಿಮ್ಮಿಗೆ ಬಡಿದಳು. ಟಕ್. ಟಕ್. ಡಬ್.

"ಅಣ್ಣಾ, ಬಡಗಿ ಮಗನಾಗಿ ಹಿಂಗೆ ಇಟ್ಟಿದ್ದೀಯಲ್ಲೋ!"

"ನಾನು ಕೊಯ್ದ ಮರ ಬಲ್ಲೆ, ಮಾರಾಯ್ತಿ. ಕಾಡಿಂದ ಹಸಿ ಮರ ತರೋದು, ಇಡೋದು ಎಲ್ಲ ಅಪ್ಪಂದೇ ಆಗಿತ್ತು. ಅಮ್ಮ ಬೇರೆ ತೊಗಟೆ ಮುಟ್ಟೋಕೆ ಬಿಡಲ್ಲ."

"ಹಸಿ ತೊಗಟೆಯೊಳಗೆ ದುಂಬಿ ಮೊಟ್ಟೆ ಇಡುತ್ತೆ. ಮರಿಹುಳು ಅಲ್ಲೇ ಮೇಯುತ್ತೆ, ಬಲಿತ ಮೇಲೆ ಮರದೊಳಗೇ ಕೊರ್ಕೊಂಡು ಹೋಗುತ್ತೆ. ನೀವು ಮೇಲೆ ಹೊದಿಕೆ ಬೇರೆ ಹೊದಿಸಿ ಬಾಣಂತನ ಮಾಡಿದ್ದೀರಿ! ಆ ನೀಲಿ ಬಣ್ಣ ಬೂಷ್ಟು. ಗಾಳಿಯಾಡದೆ, ಅರೆಹಸಿಯಾಗಿ ಇದ್ದಿದ್ದಕ್ಕೆ ಹಿಡ್ದಿದ್ದು."

"ಈಗೇನು ಮಾಡೋದು?" ಎಂದಳು ಸೊಸೆ.

"ಇವತ್ತೇ ತೊಗಟೆ ಸುಲೀಬೇಕು, ಅತ್ತಿಗೆ."

ಬಾಗಿಲಲ್ಲಿ ಅತ್ತೆ ನಿಂತಿದ್ದಳು. "ಏನೇ ಅಂದೆ? ನಿಮ್ಮಪ್ಪನ ಚರ್ಮ ಸುಲೀತೀಯೇನೇ?"

"ಅಮ್ಮಾ, ಅಪ್ಪ ಇದ್ದಾಗ ತೊಗಟೆ ಇರೋ ದಿಮ್ಮಿ ನಮ್ಮ ಅಂಗಳದಲ್ಲಿ ಒಂದು ವಾರ ಇದ್ದಿದ್ದು ನೋಡಿದ್ದೀಯಾ? ಬಂದ ದಿನವೇ ಬಾಚಿ ಹಿಡಿದು ಸುಲೀತಿರ್ಲಿಲ್ವಾ?"

ಅತ್ತೆ ಹೊಸ್ತಿಲು ದಾಟಿ ಬಂದಳು. ಆಮೇಲೆ ಬೇರೆಯೇ ದನಿಯಲ್ಲಿ, ಗುಟ್ಟು ಹೇಳುವ ಹಾಗೆ ಹೇಳಿದಳು. "ಅವರು ನನ್ನ ಜೊತೆ ಮಾತಾಡ್ತಾರೆ ಕಣೇ. ದಿನಾ ಸಂಜೆ. ಇದೇ ಗೋಡೆಯಿಂದ."

ಮರಕುಟಿಗ ದಿಮ್ಮಿಯ ಮೇಲಿದ್ದ ಕೈ ಹಿಂತೆಗೆದಳು. ಅಷ್ಟರಲ್ಲಿ ಟಾರ್ಪಾಲಿನ ಕೆಳಗಿಂದ ಮೆಲ್ಲಗೆ ಕಿರ್ ಕಿರ್ ಎಂದಿತು.

ಸೊಸೆ ಅತ್ತೆಯ ಹತ್ತಿರ ಹೋದಳು. "ಅತ್ತೆ, ಮಾವ ಏನು ಹೇಳ್ತಾರೆ?"

ಇದುವರೆಗೂ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಅತ್ತೆ ಅವಳತ್ತ ತಿರುಗಿದಳು. "ಸರಿಯಾಗಿ ಕೇಳ್ಸಲ್ಲಮ್ಮ. ಗೋಡೆ ಅಡ್ಡ ಇದೆಯಲ್ಲ."

"ಹಾಗಾದ್ರೆ ಗೋಡೆ ಆಚೆ ಹೋಗಿ ಕೇಳೋಣ ಬನ್ನಿ. ನಾನೂ ಜೊತೆಗಿರ್ತೀನಿ."

ಇಬ್ಬರೂ ದಿಮ್ಮಿಗಳ ಬಳಿ ಕುಕ್ಕರುಗಾಲಲ್ಲಿ ಕೂತರು. ಮಗ ಬೆಣೆ ಕೊಟ್ಟು ದಿಮ್ಮಿಗಳು ಉರುಳದಂತೆ ತಡೆದ. ಅತ್ತೆ ತನಗೆ ಗುರುತಿದ್ದ ದಿಮ್ಮಿಗೆ ಕಿವಿಯಿಟ್ಟಳು. ಸದ್ದು ಈಗ ಕೆರೆತದಂತಿರಲಿಲ್ಲ. ಹಲ್ಲು ಕಡಿದಂತಿತ್ತು. ಒಂದಲ್ಲ, ಹತ್ತಾರು ಕಡೆಯಿಂದ. ಅವಳ ಹುಬ್ಬು ಗಂಟಿಕ್ಕಿತು. ಬೆರಳಿನಿಂದ ಆ ಮೂರು ಗೀರುಗಳನ್ನು ತಡವಿದಳು. ಅಷ್ಟಕ್ಕೇ ತೊಗಟೆ ಸಡಿಲಿ, ಗೋಡೆಯ ಹಳೇ ಗಾರೆ ಬಿಟ್ಟಂತೆ ಹಲಗೆಯಗಲ ಕಳಚಿ ಅವಳ ಕೈಗೇ ಬಂತು.

ಕೆಳಗೆ ಮರದ ಮೈತುಂಬ ಬರವಣಿಗೆ. ಸುತ್ತಿ ಬಳಸಿ, ಒಂದನ್ನೊಂದು ದಾಟಿ, ಯಾವುದೋ ಕೈ ಅವಸರದಲ್ಲಿ ಕೊರೆದಂತಹ ಗೆರೆಗಳು. ಅತ್ತೆ ಬಗ್ಗಿ, ಓದುವವಳಂತೆ ಕಣ್ಣು ಹಾಯಿಸಿದಳು. ಒಂದು ಗೆರೆಯ ಕೊನೆಯಲ್ಲಿ ಬಿಳೀ ಹುಳುವೊಂದು, ಹೆಬ್ಬೆರಳಿನಷ್ಟು ದಪ್ಪ, ತಲೆ ಅತ್ತಿತ್ತ ಆಡಿಸುತ್ತಾ ಮರ ಕಡಿಯುತ್ತಿತ್ತು. ಕಿರ್. ಕಿರ್. ಅವಳ ನೆರಳು ಬಿದ್ದೊಡನೆ ನಿಲ್ಲಿಸಿತು.

"ಇಷ್ಟು ದಿನ ನಾನು ಹೂಂ ಅಂದಿದ್ದು ಇದಕ್ಕಾ?" ಎಂದಳು ಅತ್ತೆ.

ಸೊಸೆ ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಬೆನ್ನು ಒಂದೆರಡು ಸಲ ಕುಲುಕಿತು. ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ಅತ್ತೆ ಮೂಗೊರೆಸಿಕೊಂಡು ಎದ್ದಳು.

"ಅವರು ಬೆಳೆಸಿದ ಮರ ಕಣ್ರೋ ಇದು. ಈ ದರಿದ್ರ ತಿಂದು ಮುಗಿಸೋಕಾ? ಬಾಚಿ ಎಲ್ಲಿದೆ?"

ಹೆಂಗಸರು ಸೆರಗು ಸಿಕ್ಕಿಸಿದರು, ಮಗ ಅಂಗಿಯ ತೋಳು ಮಡಚಿದ. ದರ್ಜಿಯಮ್ಮನೂ ಬೇಲಿ ದಾಟಿ ಬಂದಳು. ಕೆಲವು ದಿಮ್ಮಿ ಕೈಮೀರಿ ಹೋಗಿದ್ದವು, ಸೌದೆಗೆ ಬಿಟ್ಟರು. ತೊಗಟೆಯ ಕೆಳಗಷ್ಟೇ ಹುಳು ಮೇದಿದ್ದ ದಿಮ್ಮಿಗಳನ್ನು ನುಣ್ಣಗೆ ಸುಲಿದರು. ಸುಲಿದ ತೊಗಟೆಯನ್ನು ದೂರ ಒಯ್ದು ಸುಟ್ಟರು. ಬೆಂಕಿಯೊಳಗಿಂದ ಸಣ್ಣಗೆ ಸಿಳ್ಳೆಯಂತಹ ಸದ್ದುಗಳೆದ್ದಾಗ ಎಲ್ಲರೂ ಒಬ್ಬರ ಹತ್ತಿರ ಒಬ್ಬರು ಸರಿದು ನಿಂತರು.

ದಿಮ್ಮಿಗಳನ್ನು ಗೋಡೆಯಿಂದ ದೂರ, ನೆರಳಿನಲ್ಲಿ, ಮೊಳದೆತ್ತರದ ಕಲ್ಲುಗಳ ಮೇಲೆ ಅಡ್ಡತುಂಡು ಹಾಸಿ ಇಟ್ಟರು. ನಡುನಡುವೆ ಗಾಳಿಯಾಡಲು ಸಂದು ಬಿಟ್ಟರು. ತುದಿಗಳು ಬೇಗ ಒಣಗಿ ಸೀಳದಿರಲೆಂದು ಕೊಯ್ದ ಮುಖಕ್ಕೆ ಹಳೇ ಬಣ್ಣ ಬಳಿದರು. ಟಾರ್ಪಾಲನ್ನು ದಿಮ್ಮಿಗೆ ತಾಗದಂತೆ ಮೇಲೆ ಚಪ್ಪರದ ಹಾಗೆ ಕಟ್ಟಿದರು.

"ತೋಪಿನಲ್ಲಿ ಇನ್ನೂ ಬಿದ್ದಿರೋವು?" ಎಂದು ಮಗ ತಂಗಿಯನ್ನು ಕೇಳಿದ.

"ಬೇರು ಅರ್ಧ ಮಣ್ಣು ಹಿಡ್ಕೊಂಡಿದ್ರೆ ಮರಕ್ಕೆ ಇನ್ನೂ ಜೀವ ಇರುತ್ತೆ. ಅವನ್ನ ಕೊನೆಗೆ ಕೊಯ್ಯಿ. ನಡು ಮುರಿದು ಬಿದ್ದಿರೋವು ಮೊದಲು. ಸುಲಿಯೋಕೆ ಪುರಸೊತ್ತಿಲ್ದಿದ್ರೆ, ಹುಳ ಹಿಡಿಯೋ ಮೊದ್ಲೇ ತೊಗಟೆ ಸಮೇತ ಆ ಹಳೇ ಕಲ್ಲು ಕ್ವಾರಿ ನೀರಿಗೆ ಹಾಕು. ಆದ್ರೆ ಪೂರ್ತಿ ಮುಳುಗ್ಬೇಕು, ಮೇಲೆ ಕಲ್ಲು ಹೇರು. ಅರ್ಧ ತೇಲಿದ್ರೆ ತೇಲಿದ ಭಾಗ ಹುಳುಗೆ. ಒಂದೋ ಪೂರ್ತಿ ನೀರು, ಇಲ್ಲಾ ಸುಲಿದು ಪೂರ್ತಿ ಗಾಳಿ. ನಡುವೆ ಮಾತ್ರ ಬಿಡ್ಬೇಡ. ಕುಡಿಯೋ ನೀರಿನ ಕೆರೆಗಂತೂ ಹಾಕ್ಲೇಬೇಡ, ನೀರು ಕೆಡುತ್ತೆ."

ಸೂರಿನ ತೊಲೆಗಳಿಗೆ ಬೇಕಾದಷ್ಟು ಮರ ಉಳಿಯಿತು. ಅಟ್ಟಕ್ಕೆ ಸಾಲಲಿಲ್ಲ.

ಆ ಸಂಜೆ ಸೊಸೆ ದೀಪ ಹಿಡಿದು ಹೋದಾಗ ಅತ್ತೆ ಎಂದಿನ ಜಾಗದಲ್ಲೇ ಕೂತಿದ್ದಳು. ಗೋಡೆಯಲ್ಲಿ ಒಂದು ಮಿಸುಕೂ ಇಲ್ಲ. ಅಂತಹ ಮೌನ ಆ ಕೋಣೆಯಲ್ಲಿ ಇದುವರೆಗೆ ಇರಲೇ ಇಲ್ಲವೇನೋ ಅನ್ನಿಸಿತು. ಸೊಸೆ ದೀಪ ಇಟ್ಟು ಪಕ್ಕದಲ್ಲಿ ಕೂತಳು.

"ಸುಮ್ಮನಾಗ್ಬಿಟ್ರು," ಎಂದಳು ಅತ್ತೆ.

"ಹೂಂ."

ಅತ್ತೆ ಅವಳ ಕೈ ಹಿಡಿದಳು. "ನೀನೇ ಏನಾದ್ರೂ ಮಾತಾಡೇ."

ಸೊಸೆ ಮಾತಾಡಿದಳು. ಮದುವೆಯಾಗಿ ಬಂದಾಗಿನಿಂದ ಆಡದೆ ಉಳಿದಿದ್ದ ಎಷ್ಟೋ ಮಾತುಗಳಿದ್ದವು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಗಾಳಿಗೆ ಬಿದ್ದ ಮರ ನಿಮ್ಮ ಹಿತ್ತಲಲ್ಲೂ ಇದ್ದರೆ ಅದು ತಾನಾಗಿ ಒಣಗಲಿ ಎಂದು ಬಿಡಬೇಡಿ. ಕಾಂಡ ಕೊಯ್ದೊಡನೆ ಬುಡ ತಟ್ಟನೆ ಎದ್ದು ನಿಲ್ಲಬಹುದು, ಅದರ ಹಳ್ಳದಲ್ಲಿ ಯಾರೂ ನಿಲ್ಲಬಾರದು. ಬಾಗಿ ಬಿಗಿದು ನಿಂತ ಮರವನ್ನು ತಿಳಿದವರಿಂದಲೇ ಕೊಯ್ಯಿಸಿ. ದಿಮ್ಮಿಗಳಿಗೆ ಎರಡೂ ಕಡೆ ಬೆಣೆ ಕೊಡಿ, ಅವುಗಳ ಮೇಲೆ ಮಕ್ಕಳು ಹತ್ತದಂತೆ ನೋಡಿಕೊಳ್ಳಿ. ತೊಗಟೆಯಿರುವ ದಿಮ್ಮಿಯನ್ನು ಮನೆಯ ಗೋಡೆಗಾಗಲಿ ಉಳಿದ ಮರಗಳ ಬುಡಕ್ಕಾಗಲಿ ಒರಗಿಸಬೇಡಿ, ಅಲ್ಲಿಂದ ಹೊರಟ ದುಂಬಿ ನಿಂತ ಮರವನ್ನೇ ಹಿಡಿಯುತ್ತದೆ. ಸುಲಿದು ಗಾಳಿಗಿಡಿ, ಇಲ್ಲವೇ ನೀರಲ್ಲಿ ಮುಳುಗಿಸಿ. ತಿಳಿಯದಿದ್ದರೆ ಹತ್ತಿರದ ಅರಣ್ಯ ಕಚೇರಿಯಲ್ಲಿ ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ.

ಇವತ್ತು ಸಂಜೆ, ಮನೆ ಸದ್ದಡಗಿದ ಮೇಲೆ, ಒಮ್ಮೆ ಹೋಗಿ ನಿಮ್ಮ ದಿಮ್ಮಿಗೆ ಕಿವಿಯಿಟ್ಟು ನೋಡಿ. ಒಳಗಿಂದ ಯಾರೋ ಕೆರೆದಂತೆ ಕೇಳಿಸಿದರೆ ಹೂಂಗುಟ್ಟಬೇಡಿ. ಅದು ನಿಮ್ಮವರಲ್ಲ.