ಸ್ವಲ್ಪ ನಿಧನ

ಆ ಮುದ್ರಣಾಲಯದಲ್ಲಿ ಕರಡು ತಿದ್ದುವ ಹೆಂಗಸಿಗೆ ಎಲ್ಲರೂ ಸೇರಿ ಇಟ್ಟ ಹೆಸರು ದೀರ್ಘಕ್ಕ. ಯಾರೇ ಆಗಲಿ ಒಂದು ದೀರ್ಘ ಬಿಟ್ಟು ಬರೆದರೆ ಆಕೆಗೆ ಮೈ ಉರಿಯುತ್ತಿತ್ತು. ಊಟದ ಡಬ್ಬಿಗೆ ಸುತ್ತಿದ ಹಳೇ ಪತ್ರಿಕೆಯಲ್ಲಿ ತಪ್ಪು ಕಂಡರೂ ಮೊದಲು ಕೆಂಪು ಪೆನ್ನು ತೆಗೆದು ತಿದ್ದಿ, ಆಮೇಲೆ ಡಬ್ಬಿ ಬಿಚ್ಚುವ ಪೈಕಿ. ಮೂವತ್ತು ವರ್ಷದಲ್ಲಿ ಆಕೆಯ ಕೈ ದಾಟಿ ಹೋದ ಪುಸ್ತಕದಲ್ಲಿ ತಪ್ಪು ಹುಡುಕಿದವರು ಯಾರೂ ಇಲ್ಲ ಎಂದು ಮಾಲೀಕರು ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಇಂಥ ಗಂಟುಮೋರೆಯ ದೀರ್ಘಕ್ಕನಿಗೂ ಒಂದು ಚಪಲವಿತ್ತು. ದೊಡ್ಡವರ ದೊಡ್ಡ ಸಾಧನೆಗಳ ಆತ್ಮಕಥೆ ಬಂದರೆ ಆಕಳಿಸುತ್ತಲೇ ತಿದ್ದುವಳು. ಆದರೆ ಯಾರೋ ಚಿಕ್ಕಂದಿನಲ್ಲಿ ಬೆಕ್ಕಿಗೆ ಸ್ನಾನ ಮಾಡಿಸಿ ಪರಚಿಸಿಕೊಂಡದ್ದು, ಅಪ್ಪನ ಬೂಟು ಹಾಕಿಕೊಂಡು ಮೆಟ್ಟಿಲಿಂದ ಉರುಳಿದ್ದು, ಇಂಥವನ್ನು ಬರೆದುಕೊಂಡು ಬಂದರೆ ಸಾಕು, ಮುಖ ಅರಳಿಬಿಡುತ್ತಿತ್ತು. ಅಂಥ ಪುಸ್ತಕಕ್ಕೆ ಆಕೆಯದು ಬೇರೆಯೇ ಪದ್ಧತಿ. ಮೊದಲ ಓದು ನಗುವುದಕ್ಕೆ, ಪೆನ್ನಿನ ಮುಚ್ಚಳ ಕೂಡ ತೆಗೆಯುವಂತಿಲ್ಲ. ಎರಡನೆಯ ಓದು ತಿದ್ದುವುದಕ್ಕೆ, ಆಗ ನಗುವಂತಿಲ್ಲ. ನಗುವ ಕಣ್ಣಿಗೆ ತಪ್ಪು ಕಾಣುವುದಿಲ್ಲ ಎನ್ನುವುದು ಆಕೆಯ ವಾದ.

ಒಂದು ಬೆಳಿಗ್ಗೆ ಮಾಲೀಕರು ಒಂದು ಕಟ್ಟು ಕರಡನ್ನು ಮೇಜಿನ ಮೇಲಿಟ್ಟು, "ನಿಮಗೆ ಹಬ್ಬ, ತಗೊಳ್ಳಿ. ಯಾರೋ ರಿಟೈರಾದ ಬಸ್ ಡ್ರೈವರಂತೆ. ನಾನಂತೂ ನಕ್ಕೂ ನಕ್ಕೂ ಸುಸ್ತಾದೆ" ಎಂದು ಹೋದರು.

ಲೇಖಕರ ಹೆಸರು ನೋಡಿ ದೀರ್ಘಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಬರೆದವನು ಅವಳ ಸ್ವಂತ ಅಣ್ಣ. ಎರಡು ವರ್ಷದಿಂದ ಅವನು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದಾನೆ ಎಂದು ಅತ್ತಿಗೆ ಹೇಳಿದ್ದಳು. ಕಿರಾಣಿ ಅಂಗಡಿಯ ಪಟ್ಟಿ ಇರಬೇಕು ಎಂದುಕೊಂಡು ಇವಳು ಸುಮ್ಮನಿದ್ದಳು.

ಅಣ್ಣನಿಗೆ ನೆಂಟರಿಷ್ಟರಲ್ಲಿ, ಡಿಪೋದಲ್ಲಿ, ಎಲ್ಲೆಲ್ಲೂ ಒಂದೇ ಹೆಸರು: ನಿಧಾನ. ಬಸ್ಸಿನ ಡ್ರೈವರಿಗೆ ಅಂಥ ಹೆಸರಿದ್ದರೆ ಜನ ಏನು ತಿಳಿದಾರು? ಬಂಡಿ ಮೆಲ್ಲಗೆ ಓಡಿಸುತ್ತಾನೆ, ನಿಧಾನವೇ ಪ್ರಧಾನ ಅನ್ನುವ ಮನುಷ್ಯ ಎಂದೇ ತಿಳಿದರು. ನಿಜವಾದ ಕಾರಣ ಗೊತ್ತಿದ್ದವರು ಮನೆಯವರು ಮಾತ್ರ. ಅವರಿಗೂ ಅರ್ಧವೇ ಗೊತ್ತಿತ್ತು.

ದೀರ್ಘಕ್ಕ ಪೆನ್ನನ್ನು ದೂರ ಸರಿಸಿ ಓದತೊಡಗಿದಳು. ಮೂರನೆಯ ಅಧ್ಯಾಯದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡಿದ್ದಳು. ಏಳನೆಯ ಅಧ್ಯಾಯದಲ್ಲಿ ಆ ಅಂಚೆ ಕಾರ್ಡಿನ ಕಥೆ ಬಂತು.

ಅಜ್ಜ ಜ್ವರದಿಂದ ಎದ್ದ ದಿನಗಳು. ಎದ್ದಿದ್ದರು, ಆದರೆ ನಡಿಗೆ, ಮಾತು ಎಲ್ಲ ಮೆಲ್ಲಗಾಗಿತ್ತು. ದೂರದ ಊರಿನಲ್ಲಿದ್ದ ಅತ್ತೆಗೆ ಸುದ್ದಿ ಮುಟ್ಟಿಸಬೇಕು. ಅಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದಳು, "ಬರ್ಕೋ, ಅಜ್ಜ ಈಗ ಸ್ವಲ್ಪ ನಿಧಾನ. ಗಾಬರಿ ಪಡೋವಂಥದ್ದೇನಿಲ್ಲ. ಬಿಡುವಾದಾಗ ಬನ್ನಿ." ಕಾರ್ಡಿನಲ್ಲಿ ನಿಧಾನದ ದೀರ್ಘ ಬಿಟ್ಟುಹೋಯಿತು. ಅತ್ತೆಯ ಕೈಗೆ ಮುಟ್ಟಿದ್ದು ಹೀಗೆ: "ಅಜ್ಜ ಈಗ ಸ್ವಲ್ಪ ನಿಧನ. ಗಾಬರಿ ಪಡುವಂಥದ್ದೇನಿಲ್ಲ. ಬಿಡುವಾದಾಗ ಬನ್ನಿ."

ಅತ್ತೆ ಬಿಡುವಿಗೆ ಕಾಯಲಿಲ್ಲ. ಬೀದಿಯ ತಿರುವಿನಲ್ಲೇ ಎದೆ ಬಡಿದುಕೊಳ್ಳುತ್ತ ಬಂದಳು. ಹೊಸ್ತಿಲ ಬಳಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ಅಜ್ಜ ಮಗಳ ಅಳು ಕೇಳಿ ಗಾಬರಿಯಾದರು.

"ಯಾರು ಹೋದ್ರೇ ಮಗಳೇ?"

"ನೀವೇ ಅಪ್ಪ" ಎಂದು ಗೋಳೋ ಅಂದಳು ಅತ್ತೆ.

ಅಜ್ಜ ಕೈಯಲ್ಲಿದ್ದ ಕಾಯಿ ಸುಲಿದು ಬಾಯಿಗೆ ಹಾಕಿಕೊಂಡು ಯೋಚಿಸಿದರು. "ಹೌದಾ? ನಂಗ್ಯಾರೂ ಹೇಳ್ಲೇ ಇಲ್ಲ."

ದೀರ್ಘಕ್ಕ ನಕ್ಕ ನಗುವಿಗೆ ಪಕ್ಕದ ಕೋಣೆಯ ಮಾಲೀಕರು ಇಣುಕಿ ನೋಡಿ, ಸಮಾಧಾನವಾಗಿ ಬಾಗಿಲು ಮುಚ್ಚಿಕೊಂಡರು. ಅದಾದ ಮೇಲೂ ಅಜ್ಜ ಹನ್ನೆರಡು ವರ್ಷ ಬದುಕಿದರು. ಊಟಕ್ಕೆ ಬರುವುದು ತಡವಾದಾಗಲೆಲ್ಲ "ನಾನು ಸ್ವಲ್ಪ ನಿಧನ ಕಣಮ್ಮ, ಕಾಯ್ತಿರು" ಅನ್ನುತ್ತಿದ್ದರು. ಅದನ್ನೂ ಅಣ್ಣ ಬಿಡದೆ ಬರೆದಿದ್ದ. ಕಣ್ಣೀರು ಒರೆಸಿಕೊಂಡು ಮುಂದಿನ ಸಾಲಿಗೆ ಬಂದಳು.

"ಆ ದೀರ್ಘ ಬಿಟ್ಟವನು ನಾನು."

ನಗು ಅಲ್ಲಿಗೇ ನಿಂತಿತು.

ಬಿಟ್ಟವಳು ಇವಳು. ಮನೆಯ ಕಾಗದ ಬರೆಯುವ ಕೆಲಸ ಅಣ್ಣನದು, ನಿಜ. ಆದರೆ ಆ ದಿನ ಅವನು ಕಾರ್ಡನ್ನು ತಂಗಿಯ ಕೈಗೆ ತುರುಕಿ ಕಿಟಕಿಯಿಂದ ಹಾರಿ ಆಟಕ್ಕೆ ಓಡಿದ್ದ. ಒಳಗಿದ್ದ ಅಮ್ಮನಿಗೆ ಅದು ಗೊತ್ತಾಗಲಿಲ್ಲ. ಅತ್ತೆ ತಂದ ಕಾರ್ಡನ್ನು ಅಪ್ಪ ಹಿಡಿದು "ಯಾರು ಬರೆದದ್ದು?" ಎಂದಾಗ ಒಂಬತ್ತು ವರ್ಷದ ಇವಳ ಬಾಯಿಗೆ ಬೀಗ ಬಿದ್ದಿತ್ತು. ಹನ್ನೆರಡರ ಅಣ್ಣ "ನಾನೇ" ಎಂದ. ಐನೂರು ಸಲ "ನಿಧಾನ" ಎಂದು ಬರೆಯುವ ಶಿಕ್ಷೆ ಅವನಿಗಾಯಿತು, ಬರೆಯುತ್ತ ಕೂತವನಿಗೆ ಆ ಹೆಸರೂ ಅಂಟಿಕೊಂಡಿತು. ಇವಳು ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಟ್ಟಳು, ಅಷ್ಟೇ.

ಅಪ್ಪನಿಗೆ ಹೇಳಬೇಕು ಎಂದುಕೊಂಡಳು, ಅಪ್ಪ ಹೋದರು. ಅಮ್ಮನಿಗಾದರೂ ಹೇಳಬೇಕು ಎಂದುಕೊಂಡಳು, ಅಮ್ಮನೂ ಹೋದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಎಲ್ಲಿ ದೀರ್ಘ ಬಿಟ್ಟದ್ದು ಕಂಡರೂ ಇವಳ ಕೈ ಪೆನ್ನಿಗೆ ಹೋಗುತ್ತಿತ್ತು. ಲೋಕದವರ ತಪ್ಪನ್ನೆಲ್ಲ ತಿದ್ದಿದ್ದಾಯಿತು. ತನ್ನದೊಂದು ಹಾಗೇ ಉಳಿದಿತ್ತು, ಈಗ ಅದು ಅಣ್ಣನ ಹೆಸರಿನಲ್ಲೇ ಅಚ್ಚಾಗಿ ಶಾಶ್ವತವಾಗಲಿತ್ತು. ಅವಳಿಗೆ ತುಂಬಾ ನಾಚಿಕೆಯಾಯಿತು.

ಎರಡನೆಯ ಓದಿನಲ್ಲಿ ಆ ಸಾಲಿಗೆ ಕೆಂಪು ಸುತ್ತು ಹಾಕಿ ಅಂಚಿನಲ್ಲಿ ಬರೆದಳು: "ಬಿಟ್ಟವಳು ತಂಗಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ." ಕರಡು ಲೇಖಕರಿಗೆ ಹೋಯಿತು.

ಎರಡು ದಿನ ಬಿಟ್ಟು ಅಣ್ಣನೇ ತಂದುಕೊಟ್ಟ. ಕೆಂಪು ಸುತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ "ಇದ್ದಂತೆಯೇ ಇರಲಿ" ಎಂದು ಬರೆದಿದ್ದ.

"ಇದು ಸುಳ್ಳು ಅಲ್ವೇನಣ್ಣ?"

"ಕಾಗದ ಬರೆಯೋದು ಯಾರ ಕೆಲಸ? ನಂದು. ನಾನು ಆಟಕ್ಕೆ ಹೋದೆ, ನೀನು ನನ್ನ ಬದಲಿಗೆ ಬರೆದೆ. ಹಂಗಂದ್ಮೇಲೆ ತಪ್ಪು ಯಾರ್ದು?"

"ಅಕ್ಷರ ನಂದು."

"ಜನ ನಲವತ್ತೊಂಬತ್ತು ವರ್ಷದಿಂದ ನನ್ನ ನಿಧಾನ ಅಂತಾರೆ. ಈಗ ನೀನು ಬಂದು ಆ ಹೆಸರು ನಂದು ಅಂದ್ರೆ, ನಾನೇನಂತ ಕರೆಸ್ಕೊಳ್ಲಿ?" ಎಂದು ನಕ್ಕ. ಆಮೇಲೆ ಮೆತ್ತಗೆ, "ಬಿಡು ತಾಯಿ. ನಂಗೆ ಅದು ಯಾವತ್ತೂ ಭಾರ ಆಗಿಲ್ಲ" ಎಂದ.

ಭಾರ ಆಗಿದ್ದು ಇವಳಿಗೆ. ಮುದ್ರಣಾಲಯದ ನಿಯಮವೂ ಅವನ ಕಡೆಗೇ ಇತ್ತು: ವಿಷಯ ಲೇಖಕರದು, ಅಕ್ಷರ ಮಾತ್ರ ಕರಡು ತಿದ್ದುವವರದು.

ಅಕ್ಷರ ಮಾತ್ರ. ಕೊನೆಯ ಕರಡು ಬಂದಾಗ ದೀರ್ಘಕ್ಕ ಆ ಸಾಲಿದ್ದ ಎಪ್ಪತ್ತೊಂದನೆಯ ಪುಟವನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಒಂದೇ ಒಂದು ಅಕ್ಷರ ತಿದ್ದಿ, ಕೆಳಗೆ ಸಹಿ ಹಾಕಿ ಕಳಿಸಿದಳು. ದೀರ್ಘಕ್ಕನ ಕೆಂಪು ಶಾಯಿಯನ್ನು ಪ್ರಶ್ನಿಸುವ ಧೈರ್ಯ ಪುಟ ಕಟ್ಟುವವನಿಗೆ ಇರಲಿಲ್ಲ.

ಪುಸ್ತಕ ಬಂತು, ಓಡಿತು. ಮೂರನೆಯ ವಾರ ಮಾಲೀಕರು ಯಾವುದೋ ಮೇಷ್ಟ್ರ ಕಾಗದ ಹಿಡಿದು, ಸಾವಿನ ಸುದ್ದಿ ತಂದವರಂತೆ ಮೇಜಿನ ಮುಂದೆ ನಿಂತರು.

"ಎಪ್ಪತ್ತೊಂದನೇ ಪುಟದಲ್ಲಿ 'ಆ ದೀರ್ಘ ಬಿಟ್ಟವಳು ನಾನು' ಅಂತಿದೆಯಂತೆ. ಬರೆದೋರು ಗಂಡಸು, ಬಿಟ್ಟವಳು ಹೇಗಾಗುತ್ತೆ? ನಿಮ್ಮ ಕಣ್ಣಿಂದಲೂ ತಪ್ಪಿಸ್ಕೊಂಡ್ಬಿಡ್ತಲ್ಲ?"

"ಉಳ್ಕೊಂಡ್ಬಿಡ್ತು ಸಾರ್" ಎಂದಳು ದೀರ್ಘಕ್ಕ. ಮೂವತ್ತು ವರ್ಷದ ಹೆಸರು ಹೋಗಿತ್ತು. ಸಂಜೆ ಮನೆಗೆ ಹೋಗುವಾಗ ಕಾಲು ಹಗುರಾಗಿತ್ತು.

ಚಪ್ಪಲಿ ಬಿಡುತ್ತಿದ್ದಂತೆ ಫೋನು ಬಂತು. ಅಣ್ಣ.

"ಎಪ್ಪತ್ತೊಂದನೇ ಪುಟ ಇವತ್ತು ನೋಡ್ದೆ."

"ಹೂಂ."

"ಒಂದು ಅಕ್ಷರ ತಪ್ಪಾಗಿದೆ."

"ಇಲ್ಲ. ಸರಿಯಾಗಿದೆ."

ಆ ಕಡೆ ಅಣ್ಣ ಮೂಗು ಎಳೆದುಕೊಂಡದ್ದು ಕೇಳಿಸಿತು. ಇವಳೂ ಸೆರಗು ತೆಗೆದುಕೊಂಡಳು.

"ಇಷ್ಟು ವರ್ಷ ಬೇಕಾಯ್ತೇನೇ ನಿಂಗೆ?" ಎಂದ ಕೊನೆಗೆ.

"ನಾನು ಸ್ವಲ್ಪ ನಿಧಾನ, ಅಣ್ಣ."

"ದೀರ್ಘ ಇದೆ ತಾನೆ?"

"ಇದೆ. ಈ ಸಲ ಬಿಟ್ಟಿಲ್ಲ."