ಹತ್ತನೆಯ ಕೆಂಪು ಬಟ್ಟೆ

ನನ್ನ ಅಣ್ಣ ಡೆಲ್ಬರ್ಟ್ ಪ್ರೂಯಿಟ್‌ಗೆ ಆ ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿತು, ಮಾತು ತುಂಡುತುಂಡಾಯಿತು. ಆಸ್ಪತ್ರೆಯಿಂದ ಬಂದ ದಿನವೇ ಗ್ಯಾರೇಜಿನ ಮೂಲೆಗೆ ಎಡಗೈ ತೋರಿಸಿ, "ಗಿಡ್ಡಿ... ಅದು... ಮಾಡು" ಅಂದ. ನನಗೆ ಅರವತ್ತೊಂದು ವರ್ಷ, ಇಟ್ಟ ಹೆಸರು ಲವಾನ್. ಅವನ ಬಾಯಲ್ಲಿ ಮಾತ್ರ ನಾನು ಇನ್ನೂ ಗಿಡ್ಡಿಯೇ.

ಮೂಲೆಯಲ್ಲಿದ್ದದ್ದು ನಮ್ಮ ಹಳೆಯ ಫೋರ್ಡ್ ವಿ-ಎಯ್ಟ್ ಇಂಜಿನ್. ಪಕ್ಕದಲ್ಲೇ ಅದು ಕೂರಬೇಕಾದ ಗಾಡಿ: ಗುಜರಿಯಿಂದ ತಂದ ಮೂವತ್ತೆರಡನೇ ಇಸವಿಯ ಬಾಡಿ, ಟಾಪಿಲ್ಲ, ಮಡ್‌ಗಾರ್ಡ್ ಇಲ್ಲ, ಎಲ್ಲ ನಾವೇ ಕುಯ್ದು ಬೆಸೆದದ್ದು. ಐವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಎಲ್ ಮಿರಾಜ್‌ನ ಒಣಗಿದ ಕೆರೆಯಂಗಳದಲ್ಲಿ ಅದು ಗಂಟೆಗೆ ನೂರಿಪ್ಪತ್ತೊಂದು ಮೈಲಿ ಓಡಿತ್ತು. ಓಡಿಸಿದ್ದು ಅಣ್ಣ ಡೆಲ್. ಹೆಂಗಸರು ಓಡಿಸುವಂತಿರಲಿಲ್ಲ. ನಾನು ಸ್ಯಾಂಡ್‌ವಿಚ್ ಕಟ್ಟಿಕೊಂಡು ಹೋಗಿ, ಧೂಳು ತಿಂದು, ಗಾಡಿ ತಳ್ಳಿ, ಚಪ್ಪಾಳೆ ತಟ್ಟಿ ಬರಬೇಕು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಆ ಇಂಜಿನ್ನಿನ ಹದಿನಾರು ವಾಲ್ವ್‌ಗಳನ್ನು ಅರೆದು ಕೂರಿಸಿದ್ದು ನಾನು. ಅಂಥ ಇಂಜಿನ್ನಿನಲ್ಲಿ ವಾಲ್ವ್‌ಗಳು ಬ್ಲಾಕಿನ ಒಳಗೇ ಇರುತ್ತವೆ, ದಪ್ಪ ಕೈ ಹೋಗುವುದಿಲ್ಲ. ಹದಿನೆಂಟರ ಹುಡುಗಿಯ ಕೈ ಹೋಗುತ್ತಿತ್ತು. ತುದಿಗೆ ರಬ್ಬರ್ ಇರುವ ಕೋಲನ್ನು ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸುತ್ತ ಕೂತರೆ ಹೊತ್ತು ಮುಳುಗಿದ್ದೂ ಗೊತ್ತಾಗುತ್ತಿರಲಿಲ್ಲ. ಕೆರೆಯಂಗಳದಲ್ಲಿ ಹುಡುಗರು, "ವಾಲ್ವ್ ಯಾರೋ ಕೂರಿಸಿದ್ದು? ಗಡಿಯಾರ ಇದ್ದಂಗಿದೆ" ಎಂದು ಕೇಳಿದರೆ ಡೆಲ್ ಎದೆ ಉಬ್ಬಿಸಿ, "ನಾನೇ ಕಣ್ರೋ" ಅನ್ನುತ್ತಿದ್ದ. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ನಮ್ಮೂರು ಆಯಿಲ್‌ಡೇಲಿನ ರೇಸ್ ಗುಂಪಿನಲ್ಲಿ ಎರಡು ಪದ್ಧತಿ ಇದ್ದವು. ಒಂದು, ಇಂಜಿನ್ ಕಟ್ಟಿದವರು ಅದರ ನೆತ್ತಿಗೆ ಮುಚ್ಚಳದಂತೆ ಕೂರುವ ಮ್ಯಾನಿಫೋಲ್ಡ್ ಮುಚ್ಚುವ ಮುಂಚೆ ಅದರಡಿಯ ಕಬ್ಬಿಣದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಅಚ್ಚುಮೊಳೆಯಿಂದ ಹೊಡೆಯಬೇಕು. ಹೊರಗಿನವರಿಗೆ ಕಾಣುವುದಿಲ್ಲ, ಆದರೆ ಒಳಗೆ ಯಾರ ಗುರುತಿದೆಯೋ ಅವರೇ ಮೊದಲು ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಬೇಕು. ಇನ್ನೊಂದು, ಒರೆಸುವ ಕೆಂಪು ಬಟ್ಟೆಗಳ ಲೆಕ್ಕ. ಬೆಳಿಗ್ಗೆ ಡಬ್ಬಿಯಿಂದ ಹತ್ತು ತೆಗೆದರೆ ಕೆಲಸ ಮುಗಿದಾಗ ಹತ್ತೂ ವಾಪಸ್ ಬರಬೇಕು. ಒಬ್ಬ ಪುಣ್ಯಾತ್ಮ ಒಳಗೇ ಬಟ್ಟೆ ಬಿಟ್ಟು ಮುಚ್ಚಿದ್ದ. ಅದು ಆಯಿಲ್ ಪಂಪಿಗೆ ಸಿಕ್ಕಿ, ಇಂಜಿನ್ ಎರಡೇ ಮೈಲಿಗೆ ಜಾಮ್ ಆಗಿ ಕೂತಿತ್ತು.

ಐವತ್ತೊಂದರಲ್ಲಿ ನಾನು ಕೈ ತೊಳೆದು ಬರುವಷ್ಟರಲ್ಲಿ ಡೆಲ್ ಮ್ಯಾನಿಫೋಲ್ಡ್ ಮುಚ್ಚಿಬಿಟ್ಟಿದ್ದ.

"ನಂದೂ ಹೊಡೆದ್ಯಾ?" ಅಂದೆ.

"ಹೊಡೆದೆ ಹೊಡೆದೆ, ಹೋಗೇ."

"ಹಂಗಾದ್ರೆ ನಾನೂ ಓಡಿಸ್ಬೇಕು."

"ಮುಂದಿನ ಸಲ ನೀನೇ, ಗಿಡ್ಡಿ."

ಮುಂದಿನ ಸಲ ಬರಲೇ ಇಲ್ಲ. ಅವನಿಗೆ ಕೊರಿಯಾ ಯುದ್ಧಕ್ಕೆ ಕರೆ ಬಂತು. ಇಂಜಿನ್ ಇಳಿಸಿ, ಗ್ರೀಸ್ ಬಳಿದು, ಟಾರ್ಪಾಲು ಹೊದಿಸಿ ಹೋದ. ವಾಪಸ್ ಬಂದಮೇಲೆ ಎಣ್ಣೆಬಾವಿಯ ಕೆಲಸ, ಮದುವೆ, ಮಕ್ಕಳು. ನನಗೂ ಅಷ್ಟೇ. ಆದರೆ ನಲವತ್ತಮೂರು ವರ್ಷ ನಾನು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದೆ: "ಆ ಇಂಜಿನ್ ಒಳಗೆ ನನ್ನ ಹೆಸರಿದೆ." ನನ್ನ ಗಂಡ ಬದುಕಿದ್ದಷ್ಟು ದಿನ ಅದನ್ನು ಕೇಳಿ ಕೇಳಿ ಸುಸ್ತಾಗಿದ್ದ.

ಈಗ ಡೆಲ್ ಕುರ್ಚಿಯಲ್ಲಿ ಕೂತು ನೋಡುತ್ತಿರುವಾಗ ನಾನೇ ಮ್ಯಾನಿಫೋಲ್ಡ್ ಬಿಚ್ಚಿದೆ. ಒಳಗಿನ ಕರಿ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಉಜ್ಜಿ ತೆಗೆದೆ. ಡಿ. ಪಿ., ಡೆಲ್ಬರ್ಟ್ ಪ್ರೂಯಿಟ್, ಅಷ್ಟೇ. ಸುತ್ತಮುತ್ತ ಎಲ್ಲ ಕೆರೆದು ನೋಡಿದೆ. ಇನ್ನೊಂದು ಗೀರೂ ಇರಲಿಲ್ಲ.

"ಸುಳ್ಳ!" ಎಂದು ಚೀರಿದೆ. "ನಲವತ್ತಮೂರು ವರ್ಷ ನನ್ನನ್ನ ಹುಚ್ಚಿ ಮಾಡಿದ್ಯಲ್ಲೋ!"

ನಾನು ಸ್ಪಾನರ್ ಎಸೆದು ಮನೆಗೆ ಬಂದುಬಿಟ್ಟೆ. ರೋಗಿಯ ಮೇಲೆ ಕೂಗಾಡಿದೆನಲ್ಲ ಎಂಬ ಸಂಕಟ ಒಂದು ಕಡೆ, ಅವನ ಕತ್ತು ಹಿಚುಕುವಷ್ಟು ಸಿಟ್ಟು ಇನ್ನೊಂದು ಕಡೆ. ನಾಲ್ಕನೆಯ ದಿನ ವಾಪಸ್ ಹೋದೆ. ಅವನಿಗಾಗಿ ಅಲ್ಲ, ಅರ್ಧಕ್ಕೆ ಬಿಟ್ಟ ವಾಲ್ವ್‌ಗಳಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಡೆಲ್ ತನ್ನ ಕುರ್ಚಿಯಲ್ಲಿ ಕೂತಿದ್ದ. ಬಲಗೈ ಹೆಬ್ಬೆರಳಿನ ಉಗುರು ಕರಿನೀಲಿಯಾಗಿತ್ತು. ಬಾಗಿಲಿಗೆ ಸಿಕ್ಕಿಸಿಕೊಂಡಿರಬೇಕು ಅಂದುಕೊಂಡೆ. ಕೇಳಲಿಲ್ಲ. ಗುರುತಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೆಲಸ ಎರಡು ತಿಂಗಳು ಹಿಡಿಯಿತು. ನಮ್ಮ ಹಳೆಯ ಗುಂಪಿನಲ್ಲಿ ಉಳಿದವನೆಂದರೆ ನೆಸ್ಟರ್ ಆರ್ಮೆಂಟಾ ಒಬ್ಬನೇ. ಸಿಲಿಂಡರ್ ಕೊರೆದು ಕೊಟ್ಟವನು ಅವನೇ. ಶನಿವಾರ ಬೆಳಿಗ್ಗೆ ಬರ‍್ರಿಟೋ ತಿಂಡಿಯ ಪೊಟ್ಟಣದ ಜೊತೆ ಬಂದ. ಇಬ್ಬರೂ ಸರಪಳಿಯಿಂದ ಇಂಜಿನ್ ಎತ್ತಿ, ಒಂದೊಂದೇ ಇಂಚು ಗಾಡಿಯೊಳಗೆ ಇಳಿಸಿದೆವು. ಡೆಲ್ ಕೂತಲ್ಲಿಂದಲೇ ಎಡಗೈ ಆಡಿಸಿ, ಅತ್ತ, ಇತ್ತ ಎಂದು ತೋರಿಸುತ್ತಿದ್ದ. ನಾಲ್ಕು ಗಂಟೆಗೆ ಮ್ಯಾನಿಫೋಲ್ಡ್, ಎರಡು ಕಾರ್ಬ್ಯುರೇಟರ್, ಡೈನಮೋ, ಎಲ್ಲ ಬಿಗಿದಾಗಿತ್ತು. ಮಾರನೇ ದಿನ ಸ್ಟಾರ್ಟ್ ಮಾಡುವುದೆಂದು ಮಾತಾಗಿತ್ತು. ಯಾರು ಎಂದು ಯಾರೂ ಬಾಯಿಬಿಡಲಿಲ್ಲ.

ಬಟ್ಟೆ ಎಣಿಸಿದೆ. ಒಂಬತ್ತು.

ಮತ್ತೆ ಎಣಿಸಿದೆ. ನೆಸ್ಟರ್ ಗಾಡಿಯ ಕೆಳಗೆಲ್ಲ ತೆವಳಿ ನೋಡಿ ಬಂದು, "ಒಳಗೇ ಬಿಟ್ಟಿದೀಯ ತಾಯಿ" ಅಂದ.

"ನಾನಾ? ನಾನು ಬಿಡ್ತೀನಾ?"

"ಬಿಚ್ಚು," ಅಂದ ಡೆಲ್. "ತೆಗಿ."

ಬೈದುಕೊಂಡೇ ಬಿಚ್ಚಿದೆ. ಮಧ್ಯೆ ಇಟ್ಟಿದ್ದ ಹೊಸ ಗ್ಯಾಸ್ಕೆಟ್ ಹಾಳೆ ಹರಿದು ಕೈಗೆ ಬಂತು. ಒಳಗೆ ಟಾರ್ಚ್ ಬಿಟ್ಟು ಇಂಚಿಂಚೂ ಹುಡುಕಿದೆ. ಬಟ್ಟೆ ಇಲ್ಲ! ನೆಸ್ಟರ್ ಬೇರೆ ಗ್ಯಾಸ್ಕೆಟ್ ತರಲು ಅಂಗಡಿಗೆ ಓಡಿದ. ನಾನು ಅಳು ತಡೆಯಲಾರದೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದೆ.

ಆಗ ಸುತ್ತಿಗೆಯ ಸದ್ದು ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಟಕ್.

ಎದ್ದೆನೋ ಬಿದ್ದೆನೋ ಎಂದು ಓಡಿದೆ. ಡೆಲ್ ಸೊಂಟವನ್ನು ಗಾಡಿಗೆ ಆನಿಸಿ ಇಂಜಿನ್ ಮೇಲೆ ಬಗ್ಗಿದ್ದ. ಸತ್ತ ಬಲಗೈಯ ಬೆರಳುಗಳಿಗೆ ಅಚ್ಚುಮೊಳೆಯನ್ನು ಕರಿ ಟೇಪಿನಿಂದ ಸುತ್ತಿಕೊಂಡಿದ್ದ. ಎಡಗೈಯಲ್ಲಿ ಸುತ್ತಿಗೆ. ತುಟಿ ಕಚ್ಚಿ ಹಿಡಿದಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನ ಡಿ. ಪಿ.ಯ ಪಕ್ಕದಲ್ಲಿ ಒಂದು ಎಲ್, ಸೊಟ್ಟಗೆ. ಅದಕ್ಕಿಂತ ಸೊಟ್ಟಗೆ ಒಂದು ಪಿ. ಪಕ್ಕದ ಬೆಂಚಿನ ಮೇಲೆ ಒಂದು ಹಲಗೆ ಇತ್ತು. ಅದರ ತುಂಬ ಅವೇ ಎರಡು ಅಕ್ಷರ. ಮೇಲಿನವು ಬರೀ ಗಾಯಗಳು, ಕೆಳಕೆಳಗೆ ಬಂದಂತೆ ಓದಬಹುದಾಗಿತ್ತು. ಆ ಕರಿನೀಲಿ ಉಗುರು ಎಲ್ಲಿಂದ ಬಂತೆಂದು ಆಗ ತಿಳಿಯಿತು.

ಅವನು ಕುರ್ಚಿಯ ದಿಂಬಿನಡಿಯಿಂದ ಹತ್ತನೆಯ ಕೆಂಪು ಬಟ್ಟೆ ಎಳೆದು ಕೊಟ್ಟ.

"ಕತ್ತೆ! ಮುಚ್ಚೋಕೆ ಮುಂಚೆ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಕೈ... ಇವತ್ತು ಬೆಳಿಗ್ಗೆ... ಸರಿ ಬಂತು. ಮಾತು... ಬರ್ಲಿಲ್ಲ." ಉಸಿರು ತೆಗೆದುಕೊಂಡ. "ಆಗ್ಲೂ... ಬರ್ಲಿಲ್ಲ. ಹುಡುಗ್ರು... ನಗ್ತಾರೆ ಅಂತ."

ನಾನು ಅವನ ಎದೆಗೆ ತಲೆ ಒತ್ತಿ ಗೊಳೋ ಎಂದು ಅತ್ತೆ. ಆಮೇಲೆ ಕಬ್ಬಿಣದ ಪುಡಿಯನ್ನು ಅದೇ ಬಟ್ಟೆಯಲ್ಲಿ ಒಂದು ಕಣವೂ ಉಳಿಯದಂತೆ ಒರೆಸಿದೆ. ನೆಸ್ಟರ್ ಗ್ಯಾಸ್ಕೆಟ್ ತಂದ. ಒಳಗೆ ಬಗ್ಗಿ ನೋಡಿ, ಟೋಪಿ ತೆಗೆದ. ಮುಚ್ಚಿ, ಬಿಗಿದು, ಎಣಿಸಿದೆವು. ಹತ್ತು.

ಭಾನುವಾರ ಸೀಟಿನಲ್ಲಿ ನಾನು ಕೂತೆ. ಪಕ್ಕದಲ್ಲಿ ಡೆಲ್. ಗುಂಡಿ ಒತ್ತಿದೆ. ಎರಡು ಸಲ ಕೆಮ್ಮಿತು, ಮೂರನೆಯ ಸಲ ಹಿಡಿಯಿತು. ಆ ಸದ್ದು ಕೇಳಿ ನಲವತ್ತಮೂರು ವರ್ಷವಾಗಿತ್ತು. ತೀರಿಹೋದ ಅಮ್ಮ ಅಡುಗೆಮನೆಯಿಂದ "ಆ ಪೀಡೆಯನ್ನ ಆರಿಸ್ರೋ" ಎಂದು ಕೂಗುತ್ತಾಳೇನೋ ಅನ್ನಿಸಿಬಿಟ್ಟಿತು.

ಊರ ತುದಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಪಿಕಪ್ಪಿನಿಂದ ಇಳಿದವನೊಬ್ಬ ನನ್ನನ್ನು ದಾಟಿ ನೇರ ಡೆಲ್ ಹತ್ತಿರ ಹೋದ. ಗಂಡಸರು ಯಾವಾಗಲೂ ಹಾಗೇ.

"ಎಂಥಾ ಸೌಂಡು ಯಜಮಾನ್ರೇ! ವಾಲ್ವ್ ಯಾರು ಕೂರಿಸಿದ್ದು?"

ಡೆಲ್ ಬಲಗೈಯನ್ನು ಎಡಗೈಯಿಂದ ಎತ್ತಿ ನನ್ನ ಕಡೆ ತೋರಿಸಿದ.

"ಇವ್ಳು," ಅಂದ. ಮತ್ತೊಂದು ಮಾತಿಗಾಗಿ ಬಹಳ ಹೊತ್ತು ಹೆಣಗಿದ. ಆ ಮನುಷ್ಯ ಕಾದ, ನಾನೂ ಕಾದೆ.

"ಆಗ್ಲೂ... ಇವ್ಳೇ."